ಬಿಟ್ಟ ಜಾಗಕ್ಕೆ ಏನು ಬಂತು? ಶಿವಮೊಗ್ಗ–ಭದ್ರಾವತಿಯ ನೂರು ವರ್ಷದ ಲೆಕ್ಕ

ಇವತ್ತಿನ ಸಂಚಿಕೆ ಒಂದೇ ಒಂದು ಪದದ ಬಗ್ಗೆ: ಬಿಡೋದು. ಸಕ್ಕರೆ ಬಿಡಿ, ಅನ್ನ ಬಿಡಿ, ಮೈದಾ ಬಿಡಿ, ರಾತ್ರಿ ಊಟ ಬಿಡಿ, ಮೊಬೈಲ್ ಬಿಡಿ. ಶಿವಮೊಗ್ಗದ ನೆಹರೂ ಸ್ಟೇಡಿಯಂನಲ್ಲಿ ಬೆಳಿಗ್ಗೆ ಎರಡು ಸುತ್ತು ನಡೆದರೆ ಸಾಕು, ಯಾರು ಏನು ಬಿಟ್ಟಿದ್ದಾರೆ ಅನ್ನೋ ಪಟ್ಟಿ ಪೂರ್ತಿ ಕಿವಿಗೆ ಬೀಳುತ್ತೆ. ಮೊದಲೆಲ್ಲಾ "ಏನು ತಿಂದ್ರಿ" ಅಂತ ಕೇಳ್ತಿದ್ರು, ಈಗ "ಏನು ಬಿಟ್ರಿ" ಅಂತ ಕೇಳ್ತಾರೆ.

ಇದೇನು ಹೊಸದಲ್ಲ. ಲಂಘನವೇ ಔಷಧ ಅಂತ ನಮ್ಮ ಹಿರಿಯರು ಹೇಳ್ತಾನೇ ಬಂದಿದ್ದಾರೆ. ಏಕಾದಶಿ ದಿನ ಅನ್ನ ಬಿಡೋ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಆದರೆ ಆ ದಿನ ಮಧ್ಯಾಹ್ನ ಅಡುಗೆಮನೆಗೆ ಹೋಗಿ ನೋಡಿ. ಅನ್ನದ ಜಾಗದಲ್ಲಿ ಅವಲಕ್ಕಿ ಒಗ್ಗರಣೆ, ಉಪ್ಪಿಟ್ಟು, ಬಾಳೆಹಣ್ಣು, ಹಾಲು ಎಲ್ಲಾ ಇರುತ್ತೆ. ಹೊಟ್ಟೆಯ ಲೆಕ್ಕ ಹಾಕಿದರೆ ಉಪವಾಸದ ದಿನವೇ ಒಂದು ತುತ್ತು ಹೆಚ್ಚು.

ನಾನು ಓದಿದ್ದು ಬಿ.ಕಾಂ. ಅದರಲ್ಲಿ ಕಲಿತದ್ದರಲ್ಲಿ ಒಂದು ವಿಷಯ ಮಾತ್ರ ಇವತ್ತಿಗೂ ತಲೆಯಲ್ಲಿ ಉಳಿದಿದೆ. ಲೆಕ್ಕದ ಪುಸ್ತಕದಲ್ಲಿ ಒಂದು ಖರ್ಚಿನ ಮೇಲೆ ಗೆರೆ ಎಳೆದರೆ ಅದು ಹೋಯಿತು ಅಂತ ಅಂದುಕೊಳ್ಳಬೇಡಿ, ಅದು ಬೇರೆ ಯಾವ ಖಾತೆಗೆ ಹೋಗಿ ಕೂತಿದೆ ನೋಡಿ. ಹಾಗಾಗಿ ಯಾರಾದರೂ "ಇದನ್ನ ಬಿಟ್ಟುಬಿಡಿ, ಎಲ್ಲಾ ಸರಿಹೋಗುತ್ತೆ" ಅಂದಾಗ ನನಗೆ ಎರಡು ಪ್ರಶ್ನೆ ಬರುತ್ತೆ. ಬಿಟ್ಟ ಜಾಗಕ್ಕೆ ಏನು ಬಂತು? ಮತ್ತು ಬಿಟ್ಟವರು ಯಾರು? ಈ ಎರಡು ಪ್ರಶ್ನೆ ಹಿಡಿದುಕೊಂಡು ಶಿವಮೊಗ್ಗ, ಭದ್ರಾವತಿಯ ನೂರು ವರ್ಷದಲ್ಲಿ ಒಂದು ಸುತ್ತು ಹಾಕೋಣ ಬನ್ನಿ.

ಮೊದಲು 1927. ಆ ವರ್ಷದ ಆರಂಭದಲ್ಲಿ ಗಾಂಧೀಜಿಗೆ ಆರೋಗ್ಯ ಕೆಟ್ಟಿತ್ತು. ನಂದಿ ಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವಿಶ್ರಾಂತಿ ತಗೊಂಡು, ಸುಧಾರಿಸಿದ ಮೇಲೆ ಮೈಸೂರು ಸಂಸ್ಥಾನದ ಪ್ರವಾಸ ಶುರು ಮಾಡಿದರು. ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಬಂದರು: ಶಿವಮೊಗ್ಗ, ಸಾಗರ, ಭದ್ರಾವತಿ.

"ಬಿಡೋದು" ಅನ್ನೋ ವಿಷಯದಲ್ಲಿ ಅವರಷ್ಟು ಪ್ರಯೋಗ ಮಾಡಿದವರು ಕಡಿಮೆ. 1915ರಲ್ಲಿ ಹರಿದ್ವಾರದ ಕುಂಭಮೇಳದ ಹೊತ್ತಿಗೆ, ಭಾರತದಲ್ಲಿರುವಾಗ ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥ ತಿನ್ನಲ್ಲ, ಕತ್ತಲಾದ ಮೇಲೆ ತಿನ್ನಲ್ಲ ಅಂತ ವ್ರತ ತೊಟ್ಟಿದ್ದರು. ಅದಕ್ಕೂ ಮೊದಲು ದಕ್ಷಿಣ ಆಫ್ರಿಕಾದಲ್ಲಿ ನಡೆದ ಒಂದು ಘಟನೆಯನ್ನ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಕಸ್ತೂರಬಾಗೆ ರಕ್ತಸ್ರಾವದ ತೊಂದರೆ ಮರುಕಳಿಸಿದಾಗ ಉಪ್ಪು, ಬೇಳೆ ಎರಡನ್ನೂ ಬಿಡು ಅಂತ ಇವರು ಹೇಳ್ತಾರೆ. ಡಾಕ್ಟರು ಹೇಳಿದರೆ ನಿಮ್ಮ ಕೈಲೂ ಬಿಡೋಕಾಗಲ್ಲ ಅಂತ ಅವರು ತಿರುಗಿ ಹೇಳ್ತಾರೆ. ಗಾಂಧಿ ಅಲ್ಲೇ, ಅವಳು ಬಿಡಲಿ ಬಿಡದಿರಲಿ, ನಾನು ಒಂದು ವರ್ಷ ಬಿಟ್ಟೆ ಅಂತ ಹೇಳಿಬಿಡ್ತಾರೆ. ಕಸ್ತೂರಬಾಗೆ ಪಾಪ ಗಾಬರಿ. ಆಮೇಲೆ ಅವರೂ ಬಿಟ್ಟರು, ಆರೋಗ್ಯವೂ ಸುಧಾರಿಸಿತು ಅಂತ ಗಾಂಧಿ ಬರೀತಾರೆ. ಉಪ್ಪು ಬಿಟ್ಟಿದ್ದಕ್ಕೇ ಸುಧಾರಿಸಿತಾ ಅನ್ನೋದು ಬೇರೆ ಚರ್ಚೆ. ಅದು ಅವರಿಗೂ ಗೊತ್ತಿತ್ತು. ನಮಗೆ ಬೇಕಾದದ್ದು ಇಷ್ಟು: ಬೇರೆಯವರಿಗೆ ಬಿಡು ಅಂದವರು ಮೊದಲು ತಾವು ಬಿಟ್ಟರು.

ಇನ್ನು ಹಾಲಿನ ಕಥೆ. 1912ರಲ್ಲಿ ಅವರು ಹಾಲು ಬಿಟ್ಟರು. ಸುಮಾರು ಆರು ವರ್ಷ ನಡೀತು. 1918ರಲ್ಲಿ ಆಮಶಂಕೆ ಬಂದು ಎದ್ದು ಕೂರೋಕಾಗದ ಸ್ಥಿತಿ ಬಂತು. ಹಾಲು ಕುಡಿಯದೆ ಮೈಗೆ ಶಕ್ತಿ ಬರಲ್ಲ ಅಂತ ಡಾಕ್ಟರು ಹೇಳಿದರು. ಹಸು, ಎಮ್ಮೆಯ ಹಾಲು ಕರೆಯೋಕೆ ಕೊಡೋ ಹಿಂಸೆ ನೋಡಿ ತಾನೇ ವ್ರತ ಮಾಡಿದ್ದು, ಹಾಗಾದರೆ ಆಡಿನ ಹಾಲು ಆಗಬಹುದಲ್ಲ ಅಂತ ದಾರಿ ತೋರಿಸಿದವರು ಕಸ್ತೂರಬಾ. ಆಮೇಲೆ ಜೀವಮಾನವಿಡೀ ಆಡಿನ ಹಾಲು. ವ್ರತದ ಅಕ್ಷರ ಉಳಿಸಿಕೊಂಡು ಅರ್ಥ ಬಿಟ್ಟೆ ಅನ್ನೋ ನೋವು ಅವರಿಗೆ ಕೊನೆವರೆಗೂ ಇತ್ತು. ದೇಹಕ್ಕೆ ಮಾತ್ರ ಆ ನೋವು ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಬೇಕೇ ಬೇಕಿತ್ತು, ಆ ಜಾಗಕ್ಕೆ ಏನಾದರೂ ಬರಲೇಬೇಕಿತ್ತು.

ನಮ್ಮ ಜಿಲ್ಲೆಯಲ್ಲೇ ಅವರು ಬಿಟ್ಟದ್ದು ಒಂದಿದೆ, ಅದು ಜೋಗ. ಸಾಗರದ ಕಡೆ ಬಂದಾಗ ಜೊತೆಯಲ್ಲಿದ್ದ ಕಾಕಾ ಕಾಲೇಲ್ಕರ್ ಜಲಪಾತ ನೋಡೋಕೆ ಕರೆದರು. ಇಷ್ಟು ಹತ್ತಿರ ಬಂದಿದ್ದೀವಿ, ಅಷ್ಟು ಎತ್ತರದಿಂದ ನೀರು ಬೀಳುತ್ತೆ ಅಂತ. ಮಳೆ ಅದಕ್ಕಿಂತ ಎತ್ತರದಿಂದ ಬೀಳಲ್ವಾ ಅಂತ ಗಾಂಧಿ ಕೇಳಿದರಂತೆ. ತಾವೂ ಹೋಗಲಿಲ್ಲ, ಕಾರ್ಯದರ್ಶಿ ಮಹಾದೇವ ದೇಸಾಯಿಯವರನ್ನೂ ಕಳಿಸಲಿಲ್ಲ. ಕಾಲೇಲ್ಕರ್ ಇದನ್ನ ಬರೆದಿಟ್ಟಿದ್ದಾರೆ. ಇಲ್ಲಿ ಒಂದು ಸಣ್ಣ ವ್ಯತ್ಯಾಸ ಗಮನಿಸಿ. ಗಾಂಧಿ ಬಿಟ್ಟದ್ದು ತಮ್ಮ ಇಷ್ಟದಿಂದ. ಮಹಾದೇವರಿಗೆ ನೋಡೋ ಆಸೆ ಇತ್ತೋ ಇಲ್ಲವೋ, ಅವರದ್ದನ್ನೂ ಗಾಂಧಿಯೇ ಬಿಟ್ಟರು. ದೊಡ್ಡವರು ತ್ಯಾಗ ಮಾಡುವಾಗ ಪಕ್ಕದಲ್ಲಿದ್ದವರ ಪಾಲೂ ಅದರಲ್ಲಿ ಸೇರಿಹೋಗುತ್ತೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಭದ್ರಾವತಿಗೆ ಬರೋಣ. ಹಳೇ ಹೆಸರು ಬೆಂಕಿಪುರ. ಮೈಸೂರು ಕಬ್ಬಿಣದ ಕಾರ್ಖಾನೆ ಇಲ್ಲಿ ಉತ್ಪಾದನೆ ಶುರು ಮಾಡಿದ್ದು 1923ರ ಜನವರಿಯಲ್ಲಿ. ಅದಿರು ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಸುತ್ತಮುತ್ತಲ ಕಾಡಿನಿಂದ. ಆದರೆ ಹೊತ್ತು ಸರಿ ಇರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಬೀಡುಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಕಾರ್ಖಾನೆ ಬಾಗಿಲು ತೆಗೆದಿದ್ದೇ ನಷ್ಟದಲ್ಲಿ. ಮುಚ್ಚಿಬಿಡಿ ಅನ್ನೋ ಮಾತು ಆಗಲೇ ಹುಟ್ಟಿತ್ತು. ಆಗ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದವರು, ಅಷ್ಟರಲ್ಲಾಗಲೇ ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯ.

ಅವರು ಖರ್ಚು ಕಡಿದರು, ಅದರಲ್ಲಿ ಅನುಮಾನ ಇಲ್ಲ. ದುಬಾರಿ ಸಂಬಳದ ವಿದೇಶಿ ತಂತ್ರಜ್ಞರ ಜಾಗಕ್ಕೆ ನಮ್ಮವರನ್ನ ತರಬೇತಿ ಕೊಟ್ಟು ತಂದರು. ಕಾರ್ಖಾನೆ ಒಂದು ದಡ ಮುಟ್ಟೋವರೆಗೆ ತಮಗೆ ಬರಬೇಕಿದ್ದ ಸಂಬಳ ತಗೊಳ್ಳಲಿಲ್ಲ. ಆಮೇಲೆ ಬಂದ ಆ ಬಾಕಿ ಹಣವನ್ನೂ ಮನೆಗೆ ಒಯ್ಯಲಿಲ್ಲ, ಬೆಂಗಳೂರಿನಲ್ಲಿ ಹುಡುಗರು ಕಸುಬು ಕಲಿಯೋ ಜಯಚಾಮರಾಜೇಂದ್ರ ಸಂಸ್ಥೆಗೆ ಕೊಟ್ಟರು.

ನನಗೆ ಇದಕ್ಕಿಂತ ಇಷ್ಟವಾದದ್ದು ಅಲ್ಲಿನ ಹೊಗೆಯ ವಿಷಯ. ಕಟ್ಟಿಗೆ ಸುಟ್ಟು ಇದ್ದಿಲು ಮಾಡುವಾಗ ಹೊಗೆ ಬರುತ್ತೆ. ಹಳ್ಳಿಯ ಇದ್ದಿಲ ಗೂಡಿನಲ್ಲಿ ಅದು ಗಾಳಿಗೆ ಹೋಗುತ್ತೆ. ಭದ್ರಾವತಿಯಲ್ಲಿ ಕಟ್ಟಿಗೆಯನ್ನ ಮುಚ್ಚಿದ ಕಬ್ಬಿಣದ ಪಾತ್ರೆಗಳಲ್ಲಿ ಕಾಯಿಸಿ, ಆ ಹೊಗೆಯನ್ನ ತಣ್ಣಗೆ ಮಾಡಿ, ಅದರಿಂದ ಮರದ ಮದ್ಯಸಾರ, ಟಾರು, ಸುಣ್ಣದ ಅಸಿಟೇಟು ತೆಗೀತಿದ್ದರು. ಅಂದರೆ ನಷ್ಟದಲ್ಲಿರೋ ಕಾರ್ಖಾನೆಯಲ್ಲಿ "ಏನು ಬಿಡೋಣ" ಅನ್ನೋದರ ಜೊತೆಗೇ "ಏನು ವ್ಯರ್ಥ ಹೋಗ್ತಿದೆ" ಅನ್ನೋ ಪ್ರಶ್ನೆಯನ್ನೂ ಕೇಳಿದ್ದರು. 1936ರಲ್ಲಿ ಉಕ್ಕಿನ ಘಟಕ ಬಂತು, ಆಮೇಲೆ ಸಿಮೆಂಟ್ ಬಂತು, ಪಕ್ಕದಲ್ಲೇ ಮೈಸೂರು ಪೇಪರ್ ಮಿಲ್ ಬಂತು. ಒಂದು ಕಡೆ ಕಡಿತ, ಇನ್ನೊಂದು ಕಡೆ ಸೇರ್ಪಡೆ.

ಇದಕ್ಕೆ ಬೆಲೆಯೂ ಇತ್ತು, ಅದನ್ನ ಮುಚ್ಚಿಡಬಾರದು. ಆ ಇದ್ದಿಲಿಗೆ ಹೋಗಿದ್ದು ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಕಾಡು. ಕಾಡು ಉಳಿಸೋಕೆ ಇದ್ದಿಲು ಬಿಡಿ ಅಂತ ಬರೀ ಬಾಯಲ್ಲಿ ಹೇಳಿದ್ದರೆ ಕುಲುಮೆ ಆರುತ್ತಿತ್ತು. ಇದ್ದಿಲಿನ ಮೇಲಿನ ಭಾರ ಕಡಿಮೆಯಾಗಿದ್ದು 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ. ಆ ವಿದ್ಯುತ್ ಎಲ್ಲಿಂದ? ಜೋಗದಿಂದ. 1948ರಲ್ಲಿ ಅಲ್ಲಿ ವಿದ್ಯುದಾಗಾರ ಶುರುವಾಯಿತು, ಆಮೇಲೆ ಅದಕ್ಕೆ ಮಹಾತ್ಮ ಗಾಂಧಿ ಹೆಸರಿಟ್ಟರು. ನೋಡೋಕೆ ಹೋಗದೆ ಬಿಟ್ಟವರ ಹೆಸರೇ ಅಲ್ಲಿ ಉಳೀತು.

ಈಗ 1965. ಮಳೆ ಕೈಕೊಟ್ಟಿತ್ತು, ಪಾಕಿಸ್ತಾನದ ಜೊತೆ ಯುದ್ಧ ನಡೆದಿತ್ತು, ಅಮೆರಿಕದಿಂದ ಪಿ.ಎಲ್. 480 ಯೋಜನೆಯಲ್ಲಿ ಬರೋ ಗೋಧಿ ಮೇಲೆ ದೇಶ ನಿಂತಿತ್ತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಜನರನ್ನ ಕೇಳಿಕೊಂಡರು: ವಾರಕ್ಕೆ ಒಂದು ಹೊತ್ತು ಊಟ ಬಿಡಿ. ಸೋಮವಾರ ಸಂಜೆ ಹೋಟೆಲ್‌ಗಳು ಒಲೆ ಹಚ್ಚಲಿಲ್ಲ. ಅವರ ಕುಟುಂಬದವರು ಹೇಳೋ ಪ್ರಕಾರ, ಶಾಸ್ತ್ರಿಯವರು ದೇಶಕ್ಕೆ ಹೇಳೋ ಮೊದಲು ತಮ್ಮ ಮನೆಯಲ್ಲೇ ಒಂದು ಸಂಜೆ ಅಡುಗೆ ಬೇಡ ಅಂತ ಹೇಳಿ ನೋಡಿದ್ದರು. ನಮ್ಮ ಅಜ್ಜಿಗೆ ಆ ಸೋಮವಾರಗಳು ಚೆನ್ನಾಗಿ ನೆನಪಿದ್ದವು. "ದೇವರಿಗೆ ಅಂತ ಬಿಡ್ತಿದ್ವಿ, ಆ ವರ್ಷ ದೇಶಕ್ಕೆ ಅಂತ ಬಿಟ್ವಿ" ಅಂತಿದ್ರು.

ಲೆಕ್ಕ ಹಾಕೋಣ. ದಿನಕ್ಕೆ ಎರಡು ಊಟ ಅಂದರೆ ವಾರಕ್ಕೆ 14. ಅದರಲ್ಲಿ ಒಂದು ಬಿಟ್ಟರೆ ಸುಮಾರು 7 ಶೇಕಡಾ ಉಳಿತಾಯ. ಎಲ್ಲರೂ ನಿಷ್ಠೆಯಿಂದ ಬಿಟ್ಟರೆ ಅದು ಸಣ್ಣ ಪ್ರಮಾಣ ಅಲ್ಲ. ಆದರೆ ಆಗಲೇ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದ ಕೂಲಿಯವರ ಮನೆಯಲ್ಲಿ ಬಿಡೋಕೆ ಏನಿತ್ತು? ಈ ಕರೆ ಇದ್ದದ್ದು ಹೊಟ್ಟೆ ತುಂಬಿದವರಿಗೆ, ಹಾಗಿದ್ದದ್ದೇ ಸರಿ. ಬಿಡೋ ಮಾತು ಇರುವವರ ಕಡೆ ತಿರುಗಿದಾಗ ಅದಕ್ಕೊಂದು ಮರ್ಯಾದೆ ಇರುತ್ತೆ.

ಸೋಮವಾರದ ಊಟ ಬಿಟ್ಟು ದೇಶದ ಹಸಿವು ನೀಗಲಿಲ್ಲ ಅನ್ನೋದೂ ನಿಜ. ಅದು ಸ್ವಲ್ಪ ಕಾಲಾವಕಾಶ ತಂದುಕೊಟ್ಟಿತು, ಜೊತೆಗೆ ನಾವೆಲ್ಲಾ ಒಂದೇ ಪಂಕ್ತಿಯಲ್ಲಿ ಕೂತಿದ್ದೀವಿ ಅನ್ನೋ ಭಾವನೆ ತಂದಿತು. ಹಸಿವು ನೀಗಿಸಿದ್ದು ಹೊಸ ಬೀಜ, ಗೊಬ್ಬರ, ನೀರು. ಅದೇ 1965ರ ಸುಮಾರಿಗೆ ಭದ್ರಾವತಿಗೆ ಹತ್ತಿರದ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ ಮುಗೀತು. ಕಾಲುವೆ ನೀರು ಹರಿದ ಕಡೆ ಭತ್ತದ ಗದ್ದೆ ಎದ್ದವು. ಇವತ್ತು ಭದ್ರಾವತಿಯಿಂದ ದಾವಣಗೆರೆ ಕಡೆ ಬಸ್ಸಲ್ಲಿ ಹೋಗುವಾಗ ಕಿಟಕಿ ಆಚೆ ಕಾಣೋ ಹಸಿರಿನಲ್ಲಿ ಬಹುಪಾಲು ಆ ನೀರಿನದ್ದು. ಬಿಟ್ಟ ಒಂದು ಊಟದ ಜಾಗಕ್ಕೆ ಎರಡು ಬೆಳೆ ಬಂತು, ಹಾಗಾಗಿ ಆ ಸೋಮವಾರಗಳು ಮುಗಿದವು.

ಇಲ್ಲಿವರೆಗೆ ಹೇಳಿದ್ದು ಒಂದು ಥರದ ಕಥೆ. ಇನ್ನೊಂದು ಥರದ್ದು ನಮ್ಮ ತಲೆಮಾರು ಕಣ್ಣಾರೆ ನೋಡಿದ್ದು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಕುಮಾರಸ್ವಾಮಿ ಮುಖ್ಯಮಂತ್ರಿ, ನಮ್ಮ ಶಿಕಾರಿಪುರದ ಯಡಿಯೂರಪ್ಪ ಉಪಮುಖ್ಯಮಂತ್ರಿ, ಹಣಕಾಸು ಖಾತೆಯೂ ಅವರದ್ದೇ. ಸಾರಾಯಿ ಪ್ಯಾಕೆಟ್ ಕೂಲಿ ಹಣ ತಿನ್ನುತ್ತೆ, ಹೆಂಗಸರ ಮೈ ಮೇಲೆ ಏಟು ಬೀಳುತ್ತೆ ಅಂತ ಊರೂರಲ್ಲಿ ಹೆಣ್ಣುಮಕ್ಕಳು ಕೂಗಿದ್ದರು. ಆ ಕೂಗು ಸುಳ್ಳಲ್ಲ. ಪ್ಯಾಕೆಟ್ ಹೋಯಿತು. ಆ ಜಾಗಕ್ಕೆ ಏನು ಬಂತು? ಅಗ್ಗದ ಬ್ರಾಂಡಿ, ವಿಸ್ಕಿಯ ಸಣ್ಣ ಬಾಟಲಿ, ಆಮೇಲೆ ರಟ್ಟಿನ ಪ್ಯಾಕು. ರಾಜ್ಯದ ಅಬಕಾರಿ ಆದಾಯ ಆಮೇಲಿನ ವರ್ಷಗಳಲ್ಲಿ ಇಳಿಯಲಿಲ್ಲ, ಏರಿತು. ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಒಂದು ಖಾತೆಗೆ ಗೆರೆ ಬಿತ್ತು, ಪಕ್ಕದ ಖಾತೆ ದಪ್ಪವಾಯಿತು. ಕೂಲಿ ಮಾಡೋ ಗಂಡಸಿಗೆ ಸಂಜೆ ಕೂರೋಕೆ ಬೇರೆ ಜಾಗ, ಮೈಕೈ ನೋವಿಗೆ ಬೇರೆ ಔಷಧ ಯಾರೂ ಕೊಡಲಿಲ್ಲ.

2013ರ ಮೇ ಕೊನೆಗೆ ಗುಟ್ಕಾ ನಿಷೇಧವಾಯಿತು. ಇದು ಶಿವಮೊಗ್ಗಕ್ಕೆ ನೇರ ಕರುಳಿನ ವಿಷಯ. ನಮ್ಮದು ಅಡಿಕೆ ಊರು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರದ ಪಟ್ಟಿ ದಿನಾ ಪೇಪರಿನಲ್ಲಿ ನೋಡಿದ ಮೇಲೇ ಕೆಲವರಿಗೆ ಕಾಫಿ ಇಳಿಯೋದು. ಮ್ಯಾಮ್ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘ 1939ರಿಂದ ಇದೆ. ಗುಟ್ಕಾ ಹೋದರೆ ಅಡಿಕೆ ಬೆಲೆ ಮಣ್ಣುಪಾಲು ಅಂತ ಎಪಿಎಂಸಿ ಯಾರ್ಡಿನಲ್ಲಿ ಎಲ್ಲರ ಮುಖ ಸಪ್ಪಗಾಗಿತ್ತು. ಆದದ್ದೇನು? ಆಹಾರ ಪದಾರ್ಥದಲ್ಲಿ ತಂಬಾಕು ಸೇರಿಸಬಾರದು ಅನ್ನೋದು ಕಾನೂನು. ಹಾಗಾಗಿ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡನ್ನೂ ತಗೊಂಡು ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಕಾರ್ಖಾನೆಯಲ್ಲಿ ಆಗ್ತಿದ್ದ ಬೆರಕೆ ಗೂಡಂಗಡಿ ಮುಂದೆ ಆಗೋಕೆ ಶುರುವಾಯಿತು. ಅಡಿಕೆ ಬೆಲೆ ಬೀಳೋದಿರಲಿ, 2014ರಲ್ಲಿ ಯಾರೂ ಎಣಿಸದಷ್ಟು ಏರಿತು.

ಅಡಿಕೆ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂತ ಸೇರಿಸಿದೆ. ನಮ್ಮ ಜಿಲ್ಲೆಯಲ್ಲಿ ಈ ಮಾತು ಎತ್ತಿದರೆ ಜಗಳ ಆಗುತ್ತೆ, ನನಗೂ ಗೊತ್ತು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತಾರಲ್ಲ, ಆ ಸ್ಥಿತಿ ನಮ್ಮದು. ಆದರೆ ಅಡಿಕೆ ಬಿಡಿ ಅಂತ ಬೆಳೆಗಾರರಿಗೆ ಹೇಳೋರು ಆ ತೋಟಕ್ಕೆ ಬೇರೆ ಯಾವ ಬೆಳೆ, ಅದಕ್ಕೆ ಯಾವ ಮಾರುಕಟ್ಟೆ ಅನ್ನೋದನ್ನೂ ಹೇಳಬೇಕು. ನೆಟ್ಟು ಐದಾರು ವರ್ಷ ಕಾದು ಫಸಲು ತೆಗೆಯೋ ಮರ ಅದು. ಒಂದು ಆದೇಶದಲ್ಲಿ ಕಿತ್ತು ಹಾಕೋಕೆ ಆಗಲ್ಲ.

ಕೊನೆಗೆ ಮತ್ತೆ ಭದ್ರಾವತಿ. 2015ರಲ್ಲಿ ಎಂ.ಪಿ.ಎಂ. ಅಂದರೆ ಮೈಸೂರು ಪೇಪರ್ ಮಿಲ್ಸ್ ಉತ್ಪಾದನೆ ನಿಲ್ಲಿಸಿತು. ವಿ.ಐ.ಎಸ್.ಎಲ್. ಅಷ್ಟರಲ್ಲಿ ಕೇಂದ್ರದ ಸೈಲ್ ಸಂಸ್ಥೆಯಲ್ಲಿ ವಿಲೀನವಾಗಿತ್ತು. ನಷ್ಟದ ಘಟಕ ಅಂತ ಬಂಡವಾಳ ಹಿಂತೆಗೆತದ ಪಟ್ಟಿ ಸೇರಿತು, ಕೊಳ್ಳೋರು ಸಿಗಲಿಲ್ಲ. 2023ರ ಜನವರಿಯಲ್ಲಿ, ಅಂದರೆ ಕಾರ್ಖಾನೆಗೆ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಮುಚ್ಚುವ ನಿರ್ಧಾರದ ಸುದ್ದಿ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಓಡೋಕೆ ಶುರುವಾಯಿತು. ಆದರೆ ಆ ದೊಡ್ಡ ಕ್ವಾರ್ಟರ್ಸ್ ಬೀದಿಗಳಲ್ಲಿ ಹಳೇ ಕಳೆ ವಾಪಸ್ ಬಂದಿಲ್ಲ.

ಲಾಭ ನಷ್ಟದ ಪಟ್ಟಿಯಲ್ಲಿ ಮಾತ್ರ ನೋಡಿದರೆ ನಷ್ಟದ ಘಟಕ ಕಡಿಯೋದು ಸುಲಭದ ಪರಿಹಾರ. ಅದನ್ನ ನನಗೂ ಕಾಲೇಜಿನಲ್ಲಿ ಹಾಗೇ ಕಲಿಸಿದ್ದು. ಆದರೆ ಅಲ್ಲಿ ಬಿಟ್ಟ ಖರ್ಚು ಯಾವ ಖಾತೆಗೆ ಹೋಗಿ ಕೂತಿದೆ? ಈ ಸಂಚಿಕೆಗೆ ಅಂತ ಭದ್ರಾವತಿಯ ಒಂದು ಮನೆಗೆ ಹೋಗಿದ್ದೆ. ಗಂಡನ ಕೆಲಸದ ದಿನಗಳು ಕಡಿಮೆಯಾಗಿ ಬಹಳ ಕಾಲವಾಗಿದೆ. ಎಲ್ಲಿ ಕೆಲಸ ಅನ್ನೋದು ಬೇಡ, ಹೆಸರೂ ಬೇಡ. "ಅಕ್ಕಾ, ಮೊದಲು ಏನು ಬಿಟ್ರಿ?" ಅಂತ ಕೇಳಿದೆ.

"ಮೊದ್ಲು ಹಾಲು ಒಂದು ಲೀಟ್ರು ಇದ್ದಿದ್ದು ಅರ್ಧ ಆಯ್ತು ಕಣಪ್ಪ. ಆಮೇಲೆ ಹಣ್ಣು. ಆಮೇಲೆ ಭಾನುವಾರದ ಕೋಳಿ. ಮಕ್ಕಳ ಟ್ಯೂಷನ್ ಮಾತ್ರ ಬಿಡಿಸಿಲ್ಲ."

"ನೀವೇನು ಬಿಟ್ರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ನಾನು ರಾತ್ರಿ ಊಟ ಬಿಟ್ಟಿದೀನಿ. ಯಾರಾದ್ರೂ ಕೇಳಿದ್ರೆ ಡಯಟ್ ಅಂತೀನಿ. ಈಗ ಎಲ್ಲಾರೂ ಮಾಡ್ತಾರಲ್ಲ, ಯಾರೂ ಇನ್ನೊಂದು ಪ್ರಶ್ನೆ ಕೇಳಲ್ಲ."

ಸ್ಟೇಡಿಯಂನಲ್ಲಿ ನಡೆಯುವವರೂ ರಾತ್ರಿ ಊಟ ಬಿಟ್ಟಿದ್ದಾರೆ, ಈ ಅಕ್ಕನೂ ಬಿಟ್ಟಿದ್ದಾರೆ. ಪದ ಒಂದೇ. ಅವರಿಗೆ ಆ ಜಾಗಕ್ಕೆ ಬೆಳಿಗ್ಗೆ ಮೊಳಕೆ ಕಾಳು, ಬಾದಾಮಿ ಬರುತ್ತೆ. ಇವರಿಗೆ ಬರೋದು ಒಂದು ಲೋಟ ನೀರು, ಬೆಳಿಗ್ಗೆ ಎದ್ದಾಗ ತಲೆಸುತ್ತು.

ಬಿಡಬೇಡಿ ಅಂತ ನಾನು ಹೇಳ್ತಿಲ್ಲ. ಡಾಕ್ಟರು ಸಕ್ಕರೆ ಬಿಡಿ ಅಂದರೆ ಬಿಡಿ, ಗುಟ್ಕಾ ಹಾಕೋರು ಇವತ್ತೇ ಬಿಡಿ, ಎರಡು ಪೊಟ್ಟಣವನ್ನೂ ಬಿಡಿ. ಆದರೆ ಮನೆಯ ಬಜೆಟ್ ಇರಲಿ, ಕಂಪನಿಯ ಬ್ಯಾಲೆನ್ಸ್ ಶೀಟ್ ಇರಲಿ, ಸರ್ಕಾರದ ಆದೇಶ ಇರಲಿ, ಬಿಡಿ ಅನ್ನೋ ಮಾತು ಬಂದ ಕೂಡಲೇ ಆ ಎರಡು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಇನ್ನೊಂದು ಸಲ ಕೇಳಿ.

ಮತ್ತೆ ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಯಾರಾದರೂ "ನಂಗೆ ಹಸಿವಿಲ್ಲ, ನೀವು ಊಟ ಮಾಡಿ" ಅಂದರೆ, ಹೌದಾ ಅಂತ ಸುಮ್ಮನೆ ತಟ್ಟೆ ಎಳ್ಕೊಬೇಡಿ. ಪಾತ್ರೆಯಲ್ಲಿ ಅನ್ನ ಎಷ್ಟಿದೆ ಅಂತ ಒಂದು ಸಲ ಎದ್ದು ಹೋಗಿ ನೋಡಿ.